೧೬೧೬ ಅಲ್ಲ, ೧೯೧೯: ಗೋರಿ ಕಲ್ಲುಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ದೀಪಾವಳಿ ಹೊತ್ತಿನ ಸಂಚಿಕೆಯಲ್ಲಿ ನವೆಂಬರ್ 2ರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅವತ್ತು ಕ್ರೈಸ್ತರು ತೀರಿಕೊಂಡವರನ್ನು ನೆನೆಯುವ ದಿನ. ಗೋರಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಆ ಬೆಳಕಲ್ಲಿ ಕಾಸರಗೋಡು ಕಡೆಯ ನಮ್ಮೂರ ಇಗರ್ಜಿಯ ಸ್ಮಶಾನದ ಕಲ್ಲುಗಳನ್ನು ಒಂದೊಂದಾಗಿ ಓದುವುದು ನನಗೆ ಇಷ್ಟ ಅಂತ ಬರೆದಿದ್ದೆ, ಅಷ್ಟೇ. ಅದಕ್ಕೆ ಮಂಜೇಶ್ವರದಿಂದ ಮೀರಜ್ ತನಕ ಓದುಗರು ಪತ್ರ ಬರೆದಿದ್ದಾರೆ, ಕೆಲವರು ಫೋಟೊ ಕೂಡ ಕಳಿಸಿದ್ದಾರೆ. ಎಲ್ಲದಕ್ಕೂ ಜಾಗ ಸಾಲದು. ಆರಿಸಿದ ಕೆಲವಕ್ಕೆ ಇಲ್ಲಿ ಉತ್ತರ.

ಮಾಷ್ಟ್ರೇ, ನಮ್ಮ ಹತ್ತಿರದ ಇಗರ್ಜಿಯ ಸ್ಮಶಾನದ ಮೂಲೆಯಲ್ಲಿ ೧೬೧೬ನೇ ಇಸವಿಯ ಕನ್ನಡ ಗೋರಿ ಕಲ್ಲು ಸಿಕ್ಕಿದೆ. ಫೋಟೊ ಕಳಿಸಿದ್ದೇನೆ. 400 ವರ್ಷ ಹಳೆಯದು ಅಂತ ಪೇಪರಿಗೆ ಕೊಡಬಹುದಾ?
(ಬದಿಯಡ್ಕದ ಓದುಗ)

ಸ್ವಲ್ಪ ತಡೆಯಿರಿ. ನಿಮ್ಮ ಫೋಟೊವನ್ನು ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದೆ. ಕನ್ನಡದ ೬ ಮತ್ತು ೯ ನೋಡಲು ಹೆಚ್ಚು ಕಡಿಮೆ ಒಂದೇ ಥರ, ಬಾಲದ ಸಣ್ಣ ತಿರುವು ಮಾತ್ರ ಬೇರೆ. ಆ ಬಾಲವೇ ಮಳೆಗೆ ಮೊದಲು ಸವೆಯುವುದು. ನೀವು ೧೬೧೬ ಅಂತ ಓದಿದ್ದು ೧೯೧೯.

ಬರೀ ಬಾಲ ನೋಡಿ ಹೇಳುತ್ತಿಲ್ಲ. ಕಲ್ಲಿನಲ್ಲಿ 'ಜೋಸೆಫ್' ಅಂತ ಇದೆ, 'ಜೊ'ಗೆ ದೀರ್ಘವನ್ನು ಬೇರೆಯಾಗಿ, ಚೆನ್ನಾಗಿ ಕೆತ್ತಿದ್ದಾರೆ. ಹಳೆಯ ಶಾಸನ, ಓಲೆಗರಿಗಳಲ್ಲಿ ಎ-ಏ, ಒ-ಓ ಬೇರೆ ಮಾಡಿ ತೋರಿಸುವ ರೂಢಿ ಇರಲಿಲ್ಲ, ಓದುವವನೇ ಅಂದಾಜು ಮಾಡಿಕೊಳ್ಳಬೇಕಿತ್ತು. ಈ ದೀರ್ಘ ನೆಲೆಯಾಗಿದ್ದು ಅಚ್ಚಿನ ಕಾಲದಲ್ಲಿ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಅಚ್ಚುಕೂಟ ಶುರು ಮಾಡಿದ್ದು 1841ರಲ್ಲಿ. ನಿಮ್ಮ ಕಲ್ಲು ಕೆತ್ತಿದವನು ಅಚ್ಚಾದ ಕನ್ನಡ ನೋಡಿ ಕಲಿತವನು, ಅದು ಅವನ ಅಕ್ಷರದಲ್ಲೇ ಗೊತ್ತಾಗುತ್ತದೆ. ಇನ್ನೊಂದು ಮಾತು. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಕೆನರಾದ, ಅಂದರೆ ನಮ್ಮ ಕರಾವಳಿ ಸೀಮೆಯ, ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು, ಉಳಿದವರು ವಾಪಸು ಬಂದಿದ್ದು 1799ರ ನಂತರ. ಹಾಗಾಗಿ ನಮ್ಮ ಕಡೆಯ ಇಗರ್ಜಿಗಳಲ್ಲಿ ಅದಕ್ಕಿಂತ ಹಿಂದಿನ ಗೋರಿ ಉಳಿದಿರುವುದು ಅಪರೂಪ.

ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮಟ್ಟಿಗೆ ನಿಮ್ಮ ಕಲ್ಲು ೧೬೧೬ ಆಗಿದ್ದರೆ ಇಷ್ಟು ಕಾಡುತ್ತಿರಲಿಲ್ಲ. ಅದೇ ಫೋಟೊದ ಅಂಚಿನಲ್ಲಿ ಪಕ್ಕದ ಕಲ್ಲು ಅರ್ಧ ಕಾಣುತ್ತದೆ. ಅದೇ ಮನೆತನದ ಹೆಸರು, ಇಸವಿ ೧೯೧೮. ಅದರಾಚೆ ಕಲ್ಲಿಲ್ಲದ ಒಂದು ಸಣ್ಣ ಗುಡ್ಡೆ. 1918ರ ಕೊನೆಯಲ್ಲಿ ಇನ್‌ಫ್ಲುಯೆಂಜಾ ಜ್ವರ ಭಾರತದಲ್ಲಿ ಒಂದು ಕೋಟಿಗೂ ಜಾಸ್ತಿ ಜನರನ್ನು ತೆಗೆದುಕೊಂಡು ಹೋಯಿತು. ನಿಮ್ಮ ಜೋಸೆಫ್ ಸತ್ತದ್ದು ಜನವರಿಯಲ್ಲಿ, ವಯಸ್ಸು ೨೪. ಜ್ವರದಿಂದಲೇ ಅಂತ ನಾನು ಹೇಳಲಾರೆ. ಆದರೆ ಫಾದರ್ ಹತ್ತಿರ ಕೇಳಿ ಆ ಎರಡು ವರ್ಷದ ಮರಣದ ಪುಸ್ತಕ ತೆಗೆಸಿ ನೋಡಿ. ಎಷ್ಟು ಸಾಲುಗಳಿವೆ, ಬೇರೆ ವರ್ಷಗಳಲ್ಲಿ ಎಷ್ಟಿವೆ, ಎಣಿಸಿ. ಪೇಪರಿಗೆ ಕೊಡುವುದಾದರೆ ಅದನ್ನು ಕೊಡಿ.

ಮಾಷ್ಟ್ರೇ, ನಾನು ಡಿಗ್ರಿ ಓದುತ್ತಿದ್ದೇನೆ. ಕ್ಯಾಮೆರಾ ಹಿಡಿದು ಹಳೆ ಗೋರಿಗಳನ್ನು ನೋಡಲು ಹೋಗುವುದು ಇಷ್ಟ. ಮನೆಯಲ್ಲಿ ಅಮ್ಮ ಬೈಯುತ್ತಾರೆ. ಹೆಣ್ಣುಮಕ್ಕಳು ಸ್ಮಶಾನಕ್ಕೆ ಹೋಗಬಾರದು, ಇದೆಲ್ಲ ನಮ್ಮ ಪದ್ಧತಿ ಅಲ್ಲ ಅಂತ. ಇದು ತಪ್ಪಾ?
(ಕುಂಬಳೆಯ ವಿದ್ಯಾರ್ಥಿನಿ)

ತಪ್ಪಲ್ಲ ಮಗಳೇ. ಆದರೆ ಅಮ್ಮನಿಗೆ ಹೆದರಿಕೆ ಇದೆ, ಅದನ್ನೂ ಸುಮ್ನೆ ತಳ್ಳಿಹಾಕಬೇಡ. ಮೊದಲ ಸಲ ಅವರನ್ನೇ ಕರೆದುಕೊಂಡು ಹೋಗು, ಹಗಲು ಹೊತ್ತಿನಲ್ಲಿ.

'ನಮ್ಮ ಪದ್ಧತಿ ಅಲ್ಲ' ಅನ್ನುವುದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇದೆ. ಕನ್ನಡದಲ್ಲಿ ಸತ್ತವರಿಗಾಗಿ ಕಲ್ಲಿನ ಮೇಲೆ ಬರೆಯುವುದು ಕನ್ನಡದಷ್ಟೇ ಹಳೆಯದು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಏಳನೇ ಶತಮಾನದ ನಿಸಿದಿಗೆಗಳಿವೆ, ಅಂದರೆ ವ್ರತ ಹಿಡಿದು ಪ್ರಾಣ ಬಿಟ್ಟ ಜೈನ ಮುನಿಗಳ ನೆನಪಿನ ಬರಹಗಳು. ನಂದಿಸೇನ ಮುನಿಯದು ಹೀಗೆ ಶುರುವಾಗುತ್ತದೆ: 'ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆರವೊಲ್ ಮಂಜುವೋಲ್ ತೋರಿ ಬೇಗಂ'. ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ಕಾಣಿಸಿ ಬೇಗ ಹೋಗಿಬಿಡುತ್ತದೆ. ಏನು? ರೂಪ, ಹಣ, ವೈಭವ, ಎಲ್ಲ. 1300 ವರ್ಷದ ಹಿಂದಿನ ಕನ್ನಡ ಇದು, ಬಾಯಿಬಿಟ್ಟು ಓದಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಮದ್ದೂರು ತಾಲೂಕಿನ ಆತಕೂರಿನಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಒಂದು ಬೇಟೆನಾಯಿಗೂ ಹತ್ತನೇ ಶತಮಾನದಲ್ಲಿ ಕಲ್ಲು ನೆಟ್ಟಿದ್ದಾರೆ. ನಾಯಿಯ ಹೆಸರು ಕಾಳಿ. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ಮ್ಯೂಸಿಯಂನಲ್ಲಿದೆ.

ಸುಡುವ ಪದ್ಧತಿ ಇರುವ ಮನೆಗಳಲ್ಲೂ ನಮ್ಮ ತುಳುನಾಡಿನಲ್ಲಿ ಸುಟ್ಟ ಜಾಗದಲ್ಲಿ ಮಣ್ಣಿನ ದೂಪೆ ಕಟ್ಟುತ್ತಾರೆ ಅಲ್ವಾ? ಅದಕ್ಕೆ ಬರಹ ಇಲ್ಲ, ಎರಡು ಮಳೆಗಾಲ ಕಳೆದರೆ ದೂಪೆಯೂ ಇಲ್ಲ. ನಿನ್ನ ಅಮ್ಮನ ಕಡೆಯ ಹಿರಿಯರ ದೂಪೆ ತೋಟದ ಯಾವ ಮೂಲೆಯಲ್ಲಿತ್ತು ಅಂತ ಒಮ್ಮೆ ಕೇಳು. ಮಾತು ಅಲ್ಲಿಂದ ಶುರುವಾಗಲಿ.

ನಡೆದುಕೊಳ್ಳುವ ರೀತಿ ಇಷ್ಟೇ. ಇಗರ್ಜಿಯಾದರೆ ಫಾದರ್ ಅಥವಾ ವಾರ್ಡಿನ ಮುಖಂಡರಾದ ಗುರಿಕಾರರಿಗೆ ಹೇಳಿ ಹೋಗು. ಮಸೀದಿಯ ಖಬರ್‌ಸ್ಥಾನವಾದರೆ ಜಮಾಅತ್ ಕಮಿಟಿಯನ್ನೋ ಮಸೀದಿಯ ಕೆಲಸ ನೋಡುವ ಮುಕ್ರಿಯವರನ್ನೋ ಕೇಳು, ಬೇಡ ಅಂದರೆ ಬೇಡ. ಹೊಸ ಗೋರಿಗಳ ಫೋಟೊ ತೆಗೆಯಬೇಡ, ಆ ದುಃಖ ಇನ್ನೂ ಹಸಿ ಇರುತ್ತದೆ. ಗೋರಿಯ ಮೇಲೆ ಕಾಲಿಡಬೇಡ, ಬ್ಯಾಗ್ ಇಡಬೇಡ. ಯಾರಾದರೂ ಪ್ರಾರ್ಥನೆಗೆ ಬಂದರೆ ಕ್ಯಾಮೆರಾ ಕೆಳಗಿಳಿಸಿ ದೂರ ನಿಲ್ಲು.

ನಮ್ಮಲ್ಲಿನ ಗೋರಿಗಳ ಮೇಲೆ ಕನ್ನಡ ಅಕ್ಷರ ಇದೆ, ಆದರೆ ಓದಿದರೆ ಕನ್ನಡ ಅಲ್ಲ. ಕೆಲವದರಲ್ಲಿ ಆರ್.ಐ.ಪಿ. ಅಂತಲೂ ಇದೆ. ಅದು ಇಂಗ್ಲಿಷ್ ತಾನೇ?
(ಮಂಜೇಶ್ವರದ ನಿವೃತ್ತ ಟೀಚರ್)

ಟೀಚರ್, ನೀವು ನೋಡಿದ್ದು ಕೊಂಕಣಿ. ನಮ್ಮ ಕಡೆಯ ಕ್ರೈಸ್ತರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. 'ಜನನ್', 'ಮರಣ್' ಸುಲಭ. 'ಹಾಂಗಾಸರ್ ವಿಶೆವ್ ಘೆತಾ' ಅಂದರೆ ಇಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾರೆ. 'ಸಾಸ್ಣಾಚೊ ವಿಶೆವ್' ಅಂದರೆ ಶಾಶ್ವತ ವಿಶ್ರಾಂತಿ. ಗೋರಿಗೆ ಕೊಂಕಣಿಯಲ್ಲಿ 'ಫೊಂಡ್' ಅಂತಾರೆ.

ಆರ್.ಐ.ಪಿ. ಮೂಲದಲ್ಲಿ ಇಂಗ್ಲಿಷ್ ಅಲ್ಲ, ಲ್ಯಾಟಿನ್. 'ರೆಕ್ವಿಯೆಸ್ಕಾತ್ ಇನ್ ಪಾಚೆ', ಅಂದರೆ ಶಾಂತಿಯಿಂದ ವಿಶ್ರಮಿಸಲಿ. ಇಂಗ್ಲಿಷಿನಲ್ಲೂ ಅದೇ ಮೂರು ಅಕ್ಷರ ಕೂಡಿಬಂದವು. ಶಿಲುಬೆಯ ತಲೆಯ ಮೇಲೆ ಐ.ಎನ್.ಆರ್.ಐ. ಅಂತ ಕಂಡರೆ ಅದೂ ಲ್ಯಾಟಿನ್, 'ನಜರೇತಿನ ಯೇಸು, ಯೆಹೂದ್ಯರ ಅರಸ' ಅನ್ನುವುದರ ಮೊದಲ ಅಕ್ಷರಗಳು. ಐ.ಎಚ್.ಎಸ್. ಮಾತ್ರ ಗ್ರೀಕ್ ಭಾಷೆಯ ಯೇಸುವಿನ ಹೆಸರಿನ ಮೊದಲ ಮೂರು ಅಕ್ಷರ. ಹಳೆಯ ಪಾದ್ರಿಗಳ ಗೋರಿಯಲ್ಲಿ ಇಡೀ ಬರಹವೇ ಲ್ಯಾಟಿನ್ನಿನಲ್ಲಿ ಇರುವುದುಂಟು.

ಈಗ ನಾನು ನಿಮಗೊಂದು ವಿಷಯ ಹೇಳಬೇಕು, ಇದು ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿದೆ. ನಮ್ಮ ಊರಿನ ಹತ್ತಿರದ ಒಂದು ಸ್ಮಶಾನದಲ್ಲಿ ಒಂದೇ ಮನೆಯ ಮೂರು ಗೋರಿ ಸಾಲಾಗಿವೆ. ಅಜ್ಜನದು ಮುರಕಲ್ಲಿನ ಕಟ್ಟೆ, ಅದರ ತಲೆಕಡೆ ಒಂದು ಕರಿಕಲ್ಲಿನ ಹಲಗೆ, ಮೊಳ ಉದ್ದವೂ ಇಲ್ಲ. ಅದರಲ್ಲಿ ಕನ್ನಡ ಲಿಪಿಯ ಕೊಂಕಣಿ. ಕೆತ್ತಿದವನಿಗೆ ಸಾಲಿನ ಕೊನೆಗೆ ಜಾಗ ಸಾಕಾಗಲಿಲ್ಲ, 'ವಿಶೆವ್' ಅನ್ನುವುದರ 'ವ್' ಕೆಳಗಿನ ಸಾಲಿಗೆ ಇಳಿದು ಒಂದೇ ಒಂದು ಅಕ್ಷರ ಅಲ್ಲಿ ನಿಂತಿದೆ. ಬೆರಳು ಇಟ್ಟರೆ ಉಳಿಯ ಏಟು ಒಂದೊಂದೂ ಗೊತ್ತಾಗುತ್ತದೆ. ಮಗನದು 1960ರ ದಶಕದ್ದು, ಮೊಸಾಯಿಕ್ ಹಾಕಿದ್ದು, ಬರಹ ಇಂಗ್ಲಿಷ್. ಮೊಮ್ಮಗಳದು ಮೊನ್ನೆ ಮೊನ್ನೆಯದು, ಪಾಲಿಶ್ ಮಾಡಿದ ಗ್ರಾನೈಟ್, ಕಂಪ್ಯೂಟರಿನಲ್ಲಿ ಕೊರೆದ ಫೋಟೊ, ಬರಹ ಮಲಯಾಳಂ ಮತ್ತು ಇಂಗ್ಲಿಷ್. ಕಾಸರಗೋಡು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಗಿದ್ದು 1956ರ ನವೆಂಬರ್ 1ಕ್ಕೆ. ಆಮೇಲೆ ಶಾಲೆಯಲ್ಲಿ, ಆಫೀಸಿನಲ್ಲಿ ಏನೇನಾಯಿತು ಅಂತ ನಾವು ಎಷ್ಟೋ ಭಾಷಣ ಕೇಳಿದ್ದೇವೆ. ಆ ಮೂರು ಕಲ್ಲಿನ ಮುಂದೆ ನಿಂತರೆ ಭಾಷಣ ಬೇಕಾಗುವುದಿಲ್ಲ. ಯಾರ ಮೇಲೂ ನನಗೆ ಸಿಟ್ಟಿಲ್ಲ, ಮೊಮ್ಮಗಳ ಮಕ್ಕಳು ತಮಗೆ ಓದಲು ಬರುವ ಅಕ್ಷರದಲ್ಲಿ ಅಮ್ಮನ ಹೆಸರು ಬರೆಸಿದ್ದಾರೆ, ಅದು ಸರಿಯೇ. ಆದರೆ ಅಜ್ಜನ ಕಲ್ಲನ್ನು ಓದುವವರು ಆ ಮನೆಯಲ್ಲಿ ಈಗ ಯಾರೂ ಇಲ್ಲ. ಹಾಗಾಗಿಯೇ ನಾನು ಎಲ್ಲರಿಗೂ ಹೇಳುವುದು: ಕನ್ನಡ ಲಿಪಿಯ ಕಲ್ಲು ಕಂಡರೆ ಅಲ್ಲೇ ನಿಂತು ಬರೆದುಕೊಳ್ಳಿ. ನೀವು ಟೀಚರ್ ಆಗಿದ್ದವರು, ನಿಮ್ಮ ಹಳೆ ವಿದ್ಯಾರ್ಥಿಗಳನ್ನು ಇಬ್ಬರು ಮೂವರನ್ನು ಜೊತೆಗೆ ಕರೆದುಕೊಂಡರೆ ಒಂದು ಸ್ಮಶಾನ ಎರಡು ಭಾನುವಾರದ ಕೆಲಸ.

ಬರಹ ಸವೆದು ಓದಲು ಆಗದಿದ್ದರೆ ಏನು ಮಾಡುವುದು? ಸೀಮೆಸುಣ್ಣ ಉಜ್ಜಿದರೆ ಅಕ್ಷರ ಕಾಣುತ್ತದೆ ಅಂತ ವಿಡಿಯೊದಲ್ಲಿ ನೋಡಿದೆ.
(ಉಪ್ಪಳದ ಓದುಗ)

ಉಜ್ಜಬೇಡಿ. ಸೀಮೆಸುಣ್ಣ, ಮೈದಾ, ಶೇವಿಂಗ್ ಕ್ರೀಮ್, ಆ್ಯಸಿಡ್, ತಂತಿ ಬ್ರಷ್ ಯಾವುದೂ ಬೇಡ. ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ಇಪ್ಪತ್ತು ವರ್ಷದ ಹಿಂದೆ ಮುರಕಲ್ಲಿನ ಗೋರಿಯೊಂದರ ಪಾಚಿಯನ್ನು ತೆಂಗಿನ ನಾರಿನಲ್ಲಿ ತಿಕ್ಕಿದೆ. ಮುರಕಲ್ಲು ತೂತು ತೂತು ಇರುವ ಕಲ್ಲು, ಅದರಲ್ಲಿ ಸಣ್ಣ ಅಕ್ಷರ ಕೆತ್ತಲು ಆಗುವುದಿಲ್ಲ, ಅದಕ್ಕೇ ಹಿಂದಿನವರು ಸುಣ್ಣದ ಗಾರೆ ಬಳಿದು ಗಾರೆಯ ಮೇಲೆ ಬರೆಯುತ್ತಿದ್ದರು. ಪಾಚಿಯ ಜೊತೆ ಗಾರೆಯೂ ಎದ್ದು ಬಂತು, ಇಸವಿಯ ಕೊನೆಯ ಎರಡು ಅಂಕಿ ನನ್ನ ಕೈಯಲ್ಲೇ ಪುಡಿಯಾಯಿತು. ಆ ಮನುಷ್ಯ ಯಾವ ವರ್ಷ ತೀರಿಕೊಂಡ ಅನ್ನುವುದು ಆ ಕಲ್ಲಿನಲ್ಲಿ ಇನ್ನು ಯಾವತ್ತೂ ಸಿಗುವುದಿಲ್ಲ. ಇವತ್ತಿಗೂ ಆ ನೋವು ಹೋಗಿಲ್ಲ.

ಮಾಡಬೇಕಾದ್ದು ಬೆಳಕಿನ ಕೆಲಸ. ಬೆಳಿಗ್ಗೆ 7 ಗಂಟೆಯ ಬಿಸಿಲು ಅಥವಾ ಸಂಜೆಯ ಇಳಿಬಿಸಿಲು ಕಲ್ಲಿನ ಮೇಲೆ ಅಡ್ಡಕ್ಕೆ ಬೀಳುವಾಗ ಅಕ್ಷರದ ಗುಂಡಿಯಲ್ಲಿ ನೆರಳು ನಿಲ್ಲುತ್ತದೆ, ಮಧ್ಯಾಹ್ನ ಏನೂ ಕಾಣದ ಕಲ್ಲು ಆಗ ಮಾತಾಡುತ್ತದೆ. ಬಿಸಿಲು ಸಿಗದ ಮೂಲೆಯಾದರೆ ಮನೆಯ ಕನ್ನಡಿ ತೆಗೆದುಕೊಂಡು ಹೋಗಿ ಬಿಸಿಲನ್ನು ತಿರುಗಿಸಿ, ಇಲ್ಲವೇ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಹತ್ತಿರ ಹಿಡಿದು ಪಕ್ಕದಿಂದ ಹಾಯಿಸಿ. ನಾಲ್ಕು ಕಡೆಯಿಂದ ನಾಲ್ಕು ಫೋಟೊ. ಓದಲು ಬಂದಷ್ಟನ್ನೇ ಬರೆಯಿರಿ, ಬಾರದ ಅಕ್ಷರಕ್ಕೆ ಚುಕ್ಕಿ ಇಡಿ, ಊಹೆಯನ್ನು ಸೇರಿಸಬೇಡಿ.

ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ ಬೀಳುವ ಊರು ನಮ್ಮದು. ಮಳೆಗಾಲ ಮುಗಿದು ಹುಲ್ಲು ಕಡಿದ ಮೇಲೆ, ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಅದಕ್ಕಿಂತ ಮೊದಲು ಹಾವಿನ ಭಯ ಜಾಸ್ತಿ.

ಗುತ್ತಿ ಕೋಟೆಯ ಕೆಳಗೆ ಇಂಗ್ಲಿಷರ ಸ್ಮಶಾನ ಇದೆ. ಮದ್ರಾಸ್ ಗವರ್ನರ್ ಮನ್ರೋ ಅವರನ್ನು ಇಲ್ಲೇ ಹೂತದ್ದು ಅಂತಾರೆ ಹಿರಿಯರು, ಮದ್ರಾಸಿನಲ್ಲಿ ಅಂತಾರೆ ಪುಸ್ತಕ ಓದಿದವರು. ಯಾವುದು ನಿಜ ಸರ್?
(ಗುಂತಕಲ್ಲಿನ ಕನ್ನಡಿಗ)

ಎರಡೂ ನಿಜ. ಥಾಮಸ್ ಮನ್ರೋ 1827ರಲ್ಲಿ ಗವರ್ನರ್ ಕೆಲಸ ಬಿಟ್ಟು ಊರಿಗೆ ಹೊರಡುವ ಮೊದಲು ತಾನು ಹಿಂದೆ ಕಲೆಕ್ಟರ್ ಆಗಿದ್ದ ಸೀಮೆಯನ್ನು ಕೊನೆಯ ಸಲ ನೋಡಬೇಕು ಅಂತ ಬಂದರು. ದಾರಿಯಲ್ಲಿ ಕಾಲರಾ ತಗುಲಿ ಜುಲೈ 6ರಂದು ಪತ್ತಿಕೊಂಡದಲ್ಲಿ ತೀರಿಕೊಂಡರು. ಹೂತದ್ದು ಗುತ್ತಿಯಲ್ಲಿ. 1831ರಲ್ಲಿ ಅವಶೇಷ ತೆಗೆದು ಮದ್ರಾಸ್ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿಗೆ ಒಯ್ದರು.

ನನಗೆ ಈ ಮನುಷ್ಯನ ಬಗ್ಗೆ ಬೇರೆ ಕಾರಣಕ್ಕೆ ಆಸಕ್ತಿ. 1792ರಿಂದ ಏಳು ವರ್ಷ ಬಾರಾಮಹಲ್‌ನಲ್ಲಿ, ಅಂದರೆ ಇವತ್ತಿನ ಕೃಷ್ಣಗಿರಿ, ಧರ್ಮಪುರಿ ಕಡೆ ಕಂದಾಯದ ಕೆಲಸ. 1799ರಲ್ಲಿ ಕೆನರಾಕ್ಕೆ ಬಂದರು, ನಮ್ಮ ಕಾಸರಗೋಡು ಆಗ ಅದರಲ್ಲೇ ಸೇರಿತ್ತು. 1800ರಿಂದ 1807ರ ತನಕ ನಿಮ್ಮ ಬಳ್ಳಾರಿ, ಅನಂತಪುರ, ಕಡಪ. ಈ ಮೂರು ಗಡಿಸೀಮೆಗಳ ಹೊಲಗದ್ದೆಯ ಲೆಕ್ಕವೂ ಒಬ್ಬನೇ ಮನುಷ್ಯನ ಕೈಯಲ್ಲಿ ಹಾದುಹೋಗಿದೆ.

ಗುತ್ತಿಗೆ ಹೋದಾಗ ಉಳಿದ ಗೋರಿಗಳನ್ನೂ ಓದಿ, ಗವರ್ನರ್ ಒಬ್ಬರಿಗಾಗಿ ಹೋಗಿ ಬರಬೇಡಿ. ಇಂಥ ಸ್ಮಶಾನಗಳಲ್ಲಿ ಇಪ್ಪತ್ತು ಚಿಲ್ಲರೆ ವಯಸ್ಸಿನ ಸಿಪಾಯಿಗಳು, ತಿಂಗಳು ತುಂಬದ ಮಕ್ಕಳು ಜಾಸ್ತಿ. 1905ರಲ್ಲಿ ಜೆ. ಜೆ. ಕಾಟನ್ ಎಂಬವರು ಮದ್ರಾಸ್ ಪ್ರಾಂತ್ಯದ ಮುಖ್ಯ ಗೋರಿ ಬರಹಗಳ ಪಟ್ಟಿ ಅಚ್ಚು ಹಾಕಿಸಿದ್ದಾರೆ. ಅದನ್ನು ಹಿಡಿದುಕೊಂಡು ಹೋದರೆ ಅಂದು ಇದ್ದ ಯಾವ ಕಲ್ಲು ಇವತ್ತು ಇಲ್ಲ ಅಂತಲೂ ತಿಳಿಯುತ್ತದೆ.

ನಮ್ಮ ಹೊಲದ ಬದುವಿನಲ್ಲಿ ಒಂದು ಕಲ್ಲಿದೆ. ಕಂಬದಿಂದ ಒಂದು ಕೈ ಮೇಲೆದ್ದ ಹಾಗೆ, ತುಂಬಾ ಬಳೆ. ಅಜ್ಜಿ ಮಾಸ್ತಮ್ಮ ಅಂತ ಅರಿಸಿನ ಹಚ್ಚುತ್ತಿದ್ದಳು. ಈಗ ಹೊಲ ಲೇಔಟ್ ಆಗುತ್ತಿದೆ. ಇದು ಗೋರಿಯಾ?
(ಹೊಸೂರಿನ ಓದುಗ)

ಅದು ಮಾಸ್ತಿಕಲ್ಲು. ಗಂಡನ ಚಿತೆಯಲ್ಲಿ ಸುಟ್ಟುಹೋದ ಹೆಂಗಸಿನ ನೆನಪಿಗೆ ನೆಟ್ಟದ್ದು. ಬೆರಳುಗಳ ನಡುವೆ ಗುಂಡಗೆ ಏನಾದರೂ ಇದ್ದರೆ ಅದು ನಿಂಬೆಹಣ್ಣು. ಬಳೆ ಅಂದರೆ ಮುತ್ತೈದೆ ಅನ್ನುವ ಗುರುತು. ಹತ್ತಿರದಲ್ಲೇ ವೀರಗಲ್ಲು ಬಿದ್ದಿದೆಯಾ ನೋಡಿ, ಎಷ್ಟೋ ಕಡೆ ಎರಡೂ ಜೋಡಿಯಾಗಿರುತ್ತವೆ. ನಿಮ್ಮಲ್ಲಿ ತಮಿಳಿನಲ್ಲಿ ನಡುಕಲ್ ಅಂತಾರೆ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕರೆದುಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ಪಟ್ಟಿಗಳ ನಡುವಿನ ಅಂಚಿನಲ್ಲಿ ಅಕ್ಷರ ಇದ್ದರೆ ತಮಿಳೋ ಕನ್ನಡವೋ ನೋಡಿ, ನಿಮ್ಮ ಕಡೆ ಎರಡೂ ಸಿಗುತ್ತವೆ.

ಆ ಹೆಂಗಸು ತಾನಾಗಿ ಹೋದಳೋ, ದೂಡಿದರೋ ಕಲ್ಲು ಹೇಳುವುದಿಲ್ಲ. ನನಗೆ ಆ ಕೈ ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಅದಕ್ಕೇ ಅದು ಜೆಸಿಬಿಗೆ ಸಿಕ್ಕಿ ಮಣ್ಣಾಗಬಾರದು. ಲೇಔಟಿನವರು ಅಳೆಯಲು ಬರುವ ಮೊದಲೇ ಫೋಟೊ ತೆಗೆದು ವಿ.ಎ.ಒ. (ಗ್ರಾಮ ಆಡಳಿತ ಅಧಿಕಾರಿ) ಅವರಿಗೆ ಅರ್ಜಿ ಕೊಡಿ, ಒಂದು ಪ್ರತಿ ಕೃಷ್ಣಗಿರಿಯ ಸರಕಾರಿ ಮ್ಯೂಸಿಯಂಗೆ. ಅಲ್ಲೂ ಧರ್ಮಪುರಿಯಲ್ಲೂ ಇಂಥ ಕಲ್ಲುಗಳನ್ನು ಇಟ್ಟುಕೊಂಡಿದ್ದಾರೆ. ನೀವೇ ಕಿತ್ತು ಸಾಗಿಸಬೇಡಿ. ಅಡಿಯಲ್ಲಿ ನಿಧಿ ಇದೆ ಅನ್ನುವವರು ಬಂದರೆ ನಂಬಬೇಡಿ.

ಊಟಿಗೆ ಟೂರ್ ಹೋಗುತ್ತಿದ್ದೇವೆ. ನೋಡಲೇಬೇಕಾದ ಒಂದು ಗೋರಿ ಹೇಳಿ.
(ಗೂಡಲೂರಿನ ಓದುಗರು)

ಸೇಂಟ್ ಥಾಮಸ್ ಚರ್ಚಿನ ಸ್ಮಶಾನದಲ್ಲಿ ಜೆ. ಜೆ. ಗುಡ್ವಿನ್. ವಿವೇಕಾನಂದರ ಭಾಷಣಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡ ಇಂಗ್ಲಿಷ್ ಹುಡುಗ. ನಾವು ಇವತ್ತು ಓದುವ ಎಷ್ಟೋ ಭಾಷಣ ಅವನಿಂದ ಉಳಿದಿವೆ. 1898ರ ಜೂನ್ 2ರಂದು ಊಟಿಯಲ್ಲಿ ತೀರಿಕೊಂಡ, ಮೂವತ್ತೂ ಆಗಿರಲಿಲ್ಲ. ವಿವೇಕಾನಂದರು ಅವನ ತಾಯಿಗೆ ಒಂದು ಕವಿತೆ ಬರೆದು ಕಳಿಸಿದರು. ಅದರ ಹೆಸರು ಮೇಲೆ ಮಂಜೇಶ್ವರದ ಟೀಚರ್ ಕೇಳಿದ ಅದೇ ಮೂರು ಲ್ಯಾಟಿನ್ ಶಬ್ದ.

ಮೀರಜ್ ದರ್ಗಾದ ಆವರಣದಲ್ಲಿ ಹಳೆಯ ಗೋರಿಗಳ ಮೇಲೆ ಹಿಜರಿ ಇಸವಿ ಇರ್ತದ. ಅದನ್ನ ನಮ್ಮ ಇಸವಿಗೆ ತರೋದು ಹ್ಯಾಂಗ್ರೀ?
(ಜತ್ ತಾಲೂಕಿನ ಓದುಗ)

ಹಿಜರಿ ವರ್ಷ ನಮ್ಮ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಿಜರಿ ಸಂಖ್ಯೆಯನ್ನು 0.97ರಿಂದ ಗುಣಿಸಿ 622 ಕೂಡಿಸಿ. 1245 ಅಂತ ಇದ್ದರೆ 1829-30 ಬರುತ್ತದೆ. ಒಂದು ವರ್ಷ ಆಚೀಚೆ ಆಗಬಹುದು. ಕೆಲವು ಗೋರಿಗಳಲ್ಲಿ ಅಂಕಿ ಇಲ್ಲದೆ ಒಂದು ಸಾಲು ಪದ್ಯ ಮಾತ್ರ ಇರುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಬೆಲೆ, ಎಲ್ಲ ಕೂಡಿಸಿದರೆ ಇಸವಿ. ಅದಕ್ಕೆ ಫಾರ್ಸಿ ಬಲ್ಲವರ ಸಹಾಯ ಬೇಕು.

ಅದೇ ದರ್ಗಾದಲ್ಲಿ ಹಿಂದುಸ್ತಾನಿ ಗಾಯಕ ಉಸ್ತಾದ್ ಅಬ್ದುಲ್ ಕರೀಂ ಖಾನರ ಗೋರಿ ಇದೆ, ನಿಮಗೆ ಗೊತ್ತಿರುತ್ತದೆ. 1937ರ ಅಕ್ಟೋಬರಿನಲ್ಲಿ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ಸ್ಟೇಷನ್ನಿನಲ್ಲಿ ಪ್ರಾಣ ಬಿಟ್ಟವರನ್ನು ಅಲ್ಲಿಂದ ಮೀರಜಿಗೆ ತಂದು ಮಣ್ಣು ಮಾಡಿದರು. ಕುಂದಗೋಳದ ಸವಾಯಿ ಗಂಧರ್ವರ ಗುರು ಅವರು. ಉರುಸ್ ಹೊತ್ತಿಗೆ ಗಾಯಕರು ಬಂದು ಅಲ್ಲಿ ಹಾಡುತ್ತಾರೆ, ಆಗಲೇ ಹೋಗಿ.

ನನ್ನ ಅಜ್ಜನ ಅಪ್ಪನ ಗೋರಿ ಹುಡುಕುತ್ತಿದ್ದೇನೆ. ಬೇಳದ ಕಡೆ ಅಂತ ಗೊತ್ತು. ಹೋಗಿ ನೋಡಿದರೆ ಅವರ ಹೆಸರಿನ ಕಲ್ಲೇ ಇಲ್ಲ.
(ಮುಂಬಯಿಯಲ್ಲಿರುವ ಕಾಸರಗೋಡಿನವರು)

ಕಲ್ಲು ಇಲ್ಲ ಅಂದರೆ ಗೋರಿ ಇರಲಿಲ್ಲ ಅಂತ ಅಲ್ಲ. ಜಾಗ ಕಡಿಮೆ ಇರುವ ಸ್ಮಶಾನಗಳಲ್ಲಿ ಕೆಲವು ವರ್ಷ ಕಳೆದ ಮೇಲೆ ಅದೇ ಗುಂಡಿಯಲ್ಲಿ ಇನ್ನೊಬ್ಬರನ್ನು ಇಡುತ್ತಾರೆ. ಹಣ ಕಟ್ಟಿ ಕಾಯಂ ಮಾಡಿಸಿಕೊಂಡ ಮನೆಗಳ ಕಲ್ಲು ಮಾತ್ರ ಉಳಿಯುತ್ತದೆ. ಬಡವರಿಗೆ ಮರದ ಶಿಲುಬೆ, ಅದನ್ನು ಗೆದ್ದಲು ತಿನ್ನುತ್ತದೆ.

ಇಗರ್ಜಿಯ ಮರಣದ ಪುಸ್ತಕ ಕೇಳಿ. ತೀರಿಕೊಂಡ ವರ್ಷ ಗೊತ್ತಿಲ್ಲದಿದ್ದರೆ ಹಿರಿಯ ಮಗನ ಮದುವೆಯ ದಾಖಲೆಯಿಂದ ಶುರು ಮಾಡಿ, ಅಪ್ಪ ಆಗ ಇದ್ದರೋ ಇಲ್ಲವೋ ಅಂತ ಅದರಲ್ಲಿ ಗೊತ್ತಾದರೆ ಹುಡುಕುವ ವರ್ಷಗಳು ಕಡಿಮೆಯಾಗುತ್ತವೆ. ಹಳೆಯ ಪುಟಗಳಲ್ಲಿ ಹೆಸರು ಲ್ಯಾಟಿನ್ ರೂಪದಲ್ಲಿರಬಹುದು: ಜುವಾಂವ್ ಅಲ್ಲಿ ಯೊಹಾನ್ನೆಸ್, ಪೆದ್ರು ಅಲ್ಲಿ ಪೆತ್ರುಸ್. ನವೆಂಬರ್ 2ಕ್ಕೆ ಊರಿಗೆ ಬರಲು ಆದರೆ ಬನ್ನಿ. ಅವತ್ತು ಊರಿನ ಮುದುಕರೆಲ್ಲ ಅಲ್ಲಿರುತ್ತಾರೆ, ಕಲ್ಲಿಲ್ಲದ ಜಾಗದಲ್ಲೂ ಬತ್ತಿ ಹಚ್ಚುವವರು ಇರುತ್ತಾರೆ. ನಿಮ್ಮ ಮನೆತನದ ಹೆಸರು ಹೇಳಿ ಕೇಳಿ. ಪತ್ರದಲ್ಲಿ ತಾರೀಕು ತಿಳಿಸಿದರೆ ನಾನೂ ಬರುತ್ತೇನೆ, ಟಾರ್ಚ್ ಮತ್ತು ಕನ್ನಡಿ ನನ್ನ ಹತ್ತಿರ ಇದೆ.